ಮಂಡಿ ಆಪರೇಷನ್‌ಗೆ ಒಂದೇ ರೇಟಿನ ಪ್ಯಾಕೇಜ್ ಮಾಡೋದು ಹೇಗೆ? ಮೂರು ತಿಂಗಳವರೆಗೂ ನಾವೇ ನೋಡಿಕೊಳ್ಳಬಹುದಾ?

ಲೆಕ್ಕದ ಪುಸ್ತಕ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಮ್ಮ ಭಾವನವರದ್ದು ಒಂದು ಸಣ್ಣ ಮೂಳೆ ಆಸ್ಪತ್ರೆ. ಮೂವತ್ತು ಬೆಡ್, ಒಂದೇ ಥಿಯೇಟರ್. ಆಪರೇಷನ್ ಅವರದ್ದು. ಲೆಕ್ಕ, ಬಿಲ್ಲು, ಕೌಂಟರ್ ಮುಂದಿನ ಜಗಳ ನನ್ನದು.

ಮಂಡಿ ಚಿಪ್ಪು ಬದಲಾಯಿಸುವ ಕೇಸಿಗೆ ಇಲ್ಲಿವರೆಗೂ ಬಿಡಿಬಿಡಿಯಾಗಿ ಬಿಲ್ ಹಾಕುತ್ತಿದ್ದೇವೆ. ಥಿಯೇಟರ್, ಡಾಕ್ಟರ್ ಫೀಸು, ಅನಸ್ತೇಶಿಯಾ, ಇಂಪ್ಲಾಂಟ್ (ಒಳಗೆ ಕೂರಿಸುವ ಕೃತಕ ಮಂಡಿ), ಅದನ್ನು ಅಂಟಿಸುವ ಸಿಮೆಂಟ್, ರೂಮು, ಔಷಧಿ, ಫಿಸಿಯೋ, ಎಲ್ಲಾ ಬೇರೆ ಬೇರೆ ಸಾಲು. ಸೇರಿಸಿಕೊಳ್ಳುವ ದಿನ ಅಂದಾಜು ಹೇಳುತ್ತೇವೆ. ಡಿಸ್ಚಾರ್ಜ್ ದಿನಕ್ಕೆ ಅದು ಇಪ್ಪತ್ತು ಮೂವತ್ತು ಸಾವಿರ ಏರಿರುತ್ತದೆ. ಜನ ಕಬ್ಬಿನ ದುಡ್ಡು ಎಣಿಸಿಕೊಂಡು ತಂದಿರುತ್ತಾರೆ. "ಏನ್ ಸಾರ್ ಇದು, ಒಂದೂವರೆ ಅಂದಿದ್ರಿ, ಈಗ ಒಂದು ಎಂಬತ್ತು ಅಂತೀರಿ?" ಅಂತ ಶುರುವಾಗುತ್ತದೆ. ಅವರ ಮಾತಲ್ಲಿ ತಪ್ಪೇನೂ ಇಲ್ಲ.

ಮೈಸೂರಿನಲ್ಲಿ ಪ್ಯಾಕೇಜ್ ಬೋರ್ಡ್ ಹಾಕಿರುವ ಕಡೆಗೆ ನಮ್ಮ ಕಡೆಯ ಕೇಸುಗಳು ಹೋಗುತ್ತಿವೆ. ಎಕ್ಸ್‌ಪ್ರೆಸ್‌ವೇ ಆದ ಮೇಲಂತೂ ಅದು ದೂರವೇ ಅಲ್ಲ. ಅದಕ್ಕೆ ನಾವೂ ಒಂದೇ ರೇಟು ಇಡೋಣ ಅಂತ ಭಾವ ಹೇಳುತ್ತಿದ್ದಾರೆ. ರಕ್ತ ಪರೀಕ್ಷೆಯಿಂದ ಹಿಡಿದು ಆಪರೇಷನ್ ಆಗಿ ಮೂರು ತಿಂಗಳವರೆಗೆ, ಒಂದು ಮಂಡಿಗೆ 1,75,000. ತಿಂಗಳಿಗೆ ಮೂರು ನಾಲ್ಕು ಕೇಸು ಆಗುತ್ತವೆ.

ನನ್ನ ತಲೆನೋವು ಇಷ್ಟು. ಗಾಯಕ್ಕೆ ಸೋಂಕು ಆದರೆ ಖರ್ಚು ಯಾರದ್ದು? ಅನಸ್ತೇಶಿಯಾ ಡಾಕ್ಟರು ಮೈಸೂರಿನಿಂದ ಬರುತ್ತಾರೆ, ಫಿಸಿಯೋ ಹೊರಗಿನವರು, ಇವರಿಗೆಲ್ಲ ಹಂಚೋದು ಹೇಗೆ? ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡು ಬರುವ ವಯಸ್ಸಾದವರಿಗೂ ಇದೇ ತರ ಪ್ಯಾಕೇಜ್ ಇಡಬಹುದಾ? ಈ ಕೆಲಸ ಮಾಡಿ ಗೊತ್ತಿರುವವರು ಹೇಳಿ.

ಸುಮ್ನೆ ಓದೋನು, ಮೈಸೂರು

ಮೈಸೂರು ರೇಟಿಗಿಂತ ಹತ್ತು ಸಾವಿರ ಕಮ್ಮಿ ಇಡಿ ಸಾರ್. ಜನ ತಾವಾಗೇ ಬರ್ತಾರೆ. ಇಷ್ಟೆಲ್ಲಾ ಯಾಕೆ ತಲೆ ಕೆಡಿಸಿಕೊಳ್ತೀರಿ?

ಬಿಲ್ಲಿಂಗ್ ಅಕ್ಕ, ಮೈಸೂರು

ಹತ್ತು ಸಾವಿರ ಕಮ್ಮಿ ಇಟ್ಟರೆ ಬರುತ್ತಾರೆ, ನಿಜ. ಮೂರನೇ ವಾರದಲ್ಲಿ ಕೀವು ತುಂಬಿಕೊಂಡು ಇನ್ನೊಂದು ಸಲ ಬಂದಾಗ ಆ ಹತ್ತು ಸಾವಿರ ಎಲ್ಲಿಂದ ತರುತ್ತೀರಿ?

ಲೆಕ್ಕದ ಪುಸ್ತಕದವರೇ, ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ವರ್ಷಗಳಿಂದ ಪ್ಯಾಕೇಜ್ ಬಿಲ್ಲುಗಳ ಟೇಬಲ್ಲಿನಲ್ಲೇ ಕೂತವಳು. ನನ್ನ ಮಾತು ಒಂದೇ. ರೇಟು ಕೊನೆಗೆ ಬರೆಯಿರಿ. ಪ್ಯಾಕೇಜ್ ಯಾವ ದಿನ ಮುಗಿಯುತ್ತದೆ, ಆ ದಿನದವರೆಗೆ ಏನಾದರೆ ದುಡ್ಡು ಯಾರ ಜೇಬಿನಿಂದ, ಇದನ್ನು ಮೊದಲು ಬರೆಯಿರಿ.

ಬಹಳ ಕಡೆ ಪ್ಯಾಕೇಜ್ ಅಂದರೆ ಪೇಷೆಂಟು ಗೇಟಿನ ಹತ್ತಿರ ಕಾರು ಹತ್ತುವವರೆಗೆ ಅಷ್ಟೇ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕೂಡ ಸೇರುವ ಮುಂಚಿನ 3 ದಿನ, ಡಿಸ್ಚಾರ್ಜ್ ಆದ ಮೇಲೆ 15 ದಿನ ಅಂತ ಗೆರೆ ಇದೆ. ನೀವು ಮೂರು ತಿಂಗಳು ಅನ್ನುತ್ತಿದ್ದೀರಿ. ಒಳ್ಳೆಯದೇ. ಆದರೆ ಆಗ ನೀವು ಬರೀ ಆಪರೇಷನ್ ಮಾರುತ್ತಿಲ್ಲ. ಫೋನ್ ಎತ್ತುವುದು, ಡ್ರೆಸಿಂಗು, ಹೊಲಿಗೆ ಬಿಚ್ಚುವುದು, ಕಾಲು ಮಡಚಿಸುವುದು, ರಾತ್ರಿ ಹನ್ನೊಂದಕ್ಕೆ "ಕಾಲು ಊದಿದೆ" ಅನ್ನುವ ಮಗನಿಗೆ ಉತ್ತರ ಹೇಳುವುದು, ಎಲ್ಲಾ ಮಾರುತ್ತಿದ್ದೀರಿ.

ಒಂದು ಉದಾಹರಣೆ ಹೇಳುತ್ತೇನೆ. ಕೆ.ಆರ್.ಪೇಟೆ ಕಡೆಯ ಹಳ್ಳಿಯ ಹೆಂಗಸು. ಮನೆಗೆ ಹೋಗಿ ಎರಡು ವಾರ ದಾಟಿದೆ. ಗಾಯದ ಕೆಳತುದಿಯಲ್ಲಿ ಒಂದು ಚುಕ್ಕೆ ಒದ್ದೆ. ಬಟ್ಟೆಗೆ ಎರಡು ರೂಪಾಯಿ ನಾಣ್ಯದಷ್ಟು ಕಲೆ ಆಗುತ್ತದೆ, ಅಷ್ಟೇ. ಆಸ್ಪತ್ರೆಗೆ ಬಂದರೆ ಕನ್ಸಲ್ಟೇಷನ್, ಡ್ರೆಸಿಂಗ್, ಬಾಡಿಗೆ ಕಾರು, ಎಲ್ಲಾ ಸೇರಿ ಎರಡು ಮೂರು ಸಾವಿರ. ಅದಕ್ಕೆ ಮನೆಯವರು ಊರಿನ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಆಂಟಿಬಯಾಟಿಕ್ ಮಾತ್ರೆ ನುಂಗಿಸುತ್ತಾರೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಬೆಳೆಯುತ್ತದೆ. ಬರುವ ಹೊತ್ತಿಗೆ ಮಂಡಿ ಬಿಸಿ, ಜ್ವರ. ಅದೇ ಹೆಂಗಸಿನ ಪ್ಯಾಕೇಜಿನಲ್ಲಿ "ಮೂರು ತಿಂಗಳು ಗಾಯ ತೋರಿಸಲು ದುಡ್ಡಿಲ್ಲ" ಅಂತ ಇದ್ದಿದ್ದರೆ ಆ ಕಲೆ ಕಂಡ ದಿನವೇ ಬಂದಿರುತ್ತಿದ್ದರು. ಹಾಗಾಗಿ ಜನ ತಪ್ಪದೆ ಬರಬೇಕು ಅಂತ ಯಾವುದಕ್ಕೆ ಅನ್ನಿಸುತ್ತದೋ ಅದನ್ನು ಪ್ಯಾಕೇಜಿನ ಒಳಗೆ ಹಾಕಿ. ಮೊಬೈಲಿನಲ್ಲಿ ಗಾಯದ ಫೋಟೋ ಕಳಿಸಿದರೆ ಅದೇ ದಿನ ನೋಡುವ ಒಬ್ಬ ಸಿಸ್ಟರ್ ಇರಲಿ. ಅವರಿಗೆ ಸಂಬಳದ ಜೊತೆ ಕೇಸಿಗೆ ಇಷ್ಟು ಅಂತ ಕೊಡಿ. ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಇನ್ನು ಸೋಂಕಿನ ಖರ್ಚು. ಮಂಡಿ ಬದಲಾವಣೆಯಲ್ಲಿ ಆಳದ ಸೋಂಕು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಅನ್ನುತ್ತಾರೆ. ನಿಮ್ಮದು ವರ್ಷಕ್ಕೆ ನಲವತ್ತು ಚಿಲ್ಲರೆ ಕೇಸು. ಅಂದರೆ ಒಂದು ವರ್ಷ ಒಂದೂ ಬರದೆ ಇರಬಹುದು, ಇನ್ನೊಂದು ವರ್ಷ ಎರಡು ಒಟ್ಟಿಗೆ ಬರಬಹುದು. ದೊಡ್ಡ ಆಸ್ಪತ್ರೆಗೆ ಇದು ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ನಿಮಗೆ ಆ ತಿಂಗಳ ಸಂಬಳಕ್ಕೇ ಕೈ ಹಾಕುವ ಹಾಗಾಗುತ್ತದೆ. ಅದಕ್ಕೆ ಪ್ರತಿ ಕೇಸಿನಿಂದ 3,000 ತೆಗೆದು ಬೇರೆ ಖಾತೆಗೆ ಹಾಕಿ. ನಲವತ್ತು ಕೇಸಿಗೆ 1,20,000 ಆಯಿತು. ಮತ್ತೆ ತೆರೆದು ತೊಳೆದು, ಒಳಗಿನ ಪ್ಲಾಸ್ಟಿಕ್ ಇನ್ಸರ್ಟ್ ಬದಲಾಯಿಸಿ, ಆಂಟಿಬಯಾಟಿಕ್ ಕೊಡುವ ಖರ್ಚನ್ನು ಒಂದು ಸಲ ಇದು ತಡೆದುಕೊಳ್ಳುತ್ತದೆ. ಆ ಖಾತೆಯನ್ನು ಭಾವನವರು ಹೊಸ ಮೆಷಿನ್ ತರಲು ಮುಟ್ಟಬಾರದು, ಅದನ್ನು ಮಾತ್ರ ನೀವು ನೋಡಿಕೊಳ್ಳಬೇಕು.

ಗೆರೆ ಎಲ್ಲಿ ಎಳೆಯಬೇಕು? 90 ದಿನದೊಳಗೆ ಅದೇ ಮಂಡಿಯ ಗಾಯ, ಸೋಂಕು, ಮಡಚಲು ಬರದೆ ಅನಸ್ತೇಶಿಯಾ ಕೊಟ್ಟು ಮಡಚಿಸುವುದು, ಇವು ನಿಮ್ಮ ತಲೆಗೆ. ಹೃದಯ, ಕಿಡ್ನಿ, ಡೆಂಗಿ, ಮನೆಯಲ್ಲಿ ಬಿದ್ದು ಇನ್ನೊಂದು ಮೂಳೆ ಮುರಿದದ್ದು, ಇವು ಹೊರಗೆ. ಇಂಪ್ಲಾಂಟೇ ಪೂರ್ತಿ ತೆಗೆದು ರಿವಿಷನ್ ಮಾಡಬೇಕಾಗಿ ಬಂದರೆ ಡಾಕ್ಟರ್ ಫೀಸು ನಿಮ್ಮದು, ಇಂಪ್ಲಾಂಟಿನ ಅಸಲು ಪೇಷೆಂಟಿನದ್ದು ಅಂತ ಇಡಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದರೆ? ಇದರಲ್ಲಿ ಜಗಳ ಬರುತ್ತದೆ. ಪರೀಕ್ಷೆ, ಮಾತ್ರೆ ಒಳಗೆ ಹಾಕಿ, ಐಸಿಯು ಬೇಕಾದರೆ ಹೊರಗೆ ಅನ್ನುವುದು ನನ್ನ ಅಭಿಪ್ರಾಯ.

ಇಂಪ್ಲಾಂಟ್ ವಿಷಯ ಮರೆಯಬೇಡಿ. 2017ರ ಆಗಸ್ಟ್‌ನಲ್ಲಿ ಎನ್‌ಪಿಪಿಎ, ಅಂದರೆ ಔಷಧಿ ಬೆಲೆ ನಿಗದಿ ಮಾಡುವ ಕೇಂದ್ರದ ಸಂಸ್ಥೆ, ಗರಿಷ್ಠ ಬೆಲೆ ಕಟ್ಟಿದಾಗ ಕೋಬಾಲ್ಟ್ ಕ್ರೋಮಿಯಂ ಸೆಟ್ಟಿಗೆ 54,720, ಟೈಟಾನಿಯಂ ಅಥವಾ ಆಕ್ಸಿಡೈಸ್ಡ್ ಜಿರ್ಕೋನಿಯಂಗೆ 76,600, ರಿವಿಷನ್‌ಗೆ 1,13,950 ಇತ್ತು, ಜಿಎಸ್‌ಟಿ ಬೇರೆ. ಆಮೇಲೆ ಪರಿಷ್ಕರಣೆ ಆಗಿದೆ, ಈಗಿನ ಆದೇಶ ತೆಗೆದು ನೋಡಿ. ಪ್ಯಾಕೇಜ್ ಆದರೂ ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆ, ಕಂಪನಿ, ಬ್ಯಾಚ್ ನಂಬರ್ ಬೇರೆಯಾಗಿ ಕಾಣಬೇಕು. ಸ್ಟಿಕ್ಕರ್ ಒಂದು ಕೇಸ್ ಶೀಟಿಗೆ, ಒಂದು ಪೇಷೆಂಟಿನ ಕೈಗೆ. "ವಿದೇಶಿ ಚಿಪ್ಪು, ಐವತ್ತು ಸಾವಿರ ಜಾಸ್ತಿ" ಅನ್ನುವ ಆಟ ನಿಲ್ಲಿಸುವುದಕ್ಕೇ ಆ ಆದೇಶ ಬಂದದ್ದು.

ಇನ್ನೊಂದು. ಎರಡೂ ಮಂಡಿ ಒಟ್ಟಿಗೆ ಮಾಡಿದರೆ ರೇಟು ಎರಡು ಲಕ್ಷ ದಾಟುತ್ತದೆ. ಒಂದೇ ಕೇಸಿಗೆ ಎರಡು ಲಕ್ಷ ಅಥವಾ ಮೇಲೆ ನಗದು ತೆಗೆದುಕೊಳ್ಳುವ ಹಾಗಿಲ್ಲ, ಕಂತು ಕಂತಾಗಿ ಕೊಟ್ಟರೂ ಅಷ್ಟೇ. ತೆಗೆದುಕೊಂಡಷ್ಟೇ ದಂಡ ಕೂಡ ಬೀಳುತ್ತದೆ. ಕಬ್ಬಿನ ದುಡ್ಡು ಬ್ಯಾಂಕಿಗೇ ಬರುತ್ತದಲ್ಲ, ಅಲ್ಲಿಂದಲೇ ಹಾಕಿಸಿ.

ಸೊಂಟದ ಮೂಳೆ ಮುರಿದವರ ಕೇಸು ಈ ಪ್ಯಾಕೇಜಿಗೆ ಸೇರಿಸಬೇಡಿ. ಮಂಡಿಯವರು ದಿನ ನೋಡಿ, ಶುಗರ್ ಸರಿ ಮಾಡಿಕೊಂಡು, ನಡೆದುಕೊಂಡು ಬರುತ್ತಾರೆ. ಸೊಂಟ ಮುರಿದವರು ಸ್ಟ್ರೆಚರ್ ಮೇಲೆ ಬರುತ್ತಾರೆ. ಎಕ್ಸ್‌ಪ್ರೆಸ್‌ವೇ ಆಕ್ಸಿಡೆಂಟಿನ ಮಾತಂತೂ ಎತ್ತಲೇಬೇಡಿ.

ಹೆಬ್ಬಾಳ ನೈಟ್‌ಶಿಫ್ಟ್, ಮೈಸೂರು

ಅಕ್ಕ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ. ನಾನು ಅಮೆರಿಕದ ಆಸ್ಪತ್ರೆಗಳ ಕ್ಲೈಮ್ ಕೆಲಸ ಮಾಡುವವನು. ಅಲ್ಲಿ ವಯಸ್ಸಾದವರಿಗೆ ಇರುವ ಸರ್ಕಾರಿ ವಿಮೆ ಮೆಡಿಕೇರ್‌ನವರು ಇದನ್ನೇ 2016ರ ಏಪ್ರಿಲ್‌ನಲ್ಲಿ ಶುರು ಮಾಡಿದರು. ಸಿಜೆಆರ್ ಅಂತಾರೆ. 67 ನಗರ ಪ್ರದೇಶಗಳಲ್ಲಿ ಸೊಂಟ, ಮಂಡಿ ಬದಲಾವಣೆಗೆ ಆಸ್ಪತ್ರೆಯೇ ಜವಾಬ್ದಾರಿ, ಡಿಸ್ಚಾರ್ಜ್ ಆದ ಮೇಲೆ 90 ದಿನದವರೆಗೆ. ನಿಮ್ಮ ಭಾವ ಹೇಳಿದ ಮೂರು ತಿಂಗಳೇ.

ಒಂದು ವ್ಯತ್ಯಾಸ ಇದೆ. ಅಲ್ಲಿ ಒಂದೇ ಸಲ ದುಡ್ಡು ಕೊಡಲ್ಲ. ಆಸ್ಪತ್ರೆ, ಡಾಕ್ಟರು, ಫಿಸಿಯೋ ಎಲ್ಲರೂ ಮಾಮೂಲಿನ ಹಾಗೆ ಬೇರೆ ಬೇರೆ ಬಿಲ್ ಕಳಿಸ್ತಾರೆ. ವರ್ಷ ಮುಗಿದ ಮೇಲೆ ಎಲ್ಲಾ ಕೂಡಿಸಿ, ಮೊದಲೇ ಹೇಳಿದ ಟಾರ್ಗೆಟ್ ರೇಟಿನ ಪಕ್ಕದಲ್ಲಿ ಇಡ್ತಾರೆ. ಕಮ್ಮಿ ಆಗಿದ್ದು, ಗುಣಮಟ್ಟವೂ ಸರಿ ಇದ್ದರೆ ಆಸ್ಪತ್ರೆಗೆ ಉಳಿದಿದ್ದರಲ್ಲಿ ಪಾಲು. ಜಾಸ್ತಿ ಆಗಿದ್ದರೆ ಆಸ್ಪತ್ರೆಯೇ ವಾಪಸ್ ಕಟ್ಟಬೇಕು. ಮೂಳೆ ಮುರಿದು ಬಂದವರಿಗೆ ಟಾರ್ಗೆಟ್ ಬೇರೆ ಇಟ್ಟಿದ್ದರು. ಅಕ್ಕ ಹೇಳಿದ ಕಾರಣವೇ.

ಉಳಿತಾಯ ಎಲ್ಲಿ ಆಯ್ತು ಗೊತ್ತಾ? ಥಿಯೇಟರಿನಲ್ಲಿ ಅಲ್ಲ. ಆಪರೇಷನ್ ಆದ ಮೇಲೆ ಪೇಷೆಂಟನ್ನು ವಾರಗಟ್ಟಲೆ ನರ್ಸಿಂಗ್ ಕೇಂದ್ರಕ್ಕೆ ಕಳಿಸುವ ಬದಲು ಸೀದಾ ಮನೆಗೆ ಕಳಿಸಿದ್ದರಲ್ಲಿ. ಈ ಉಳಿತಾಯ ಮಂಡ್ಯದಲ್ಲಿ ಸಿಗಲ್ಲ. ನಮ್ಮಲ್ಲಿ ಎಲ್ಲರೂ ಮನೆಗೇ ಹೋಗೋದು, ಅಲ್ಲಿ ಸೊಸೆ ಇರ್ತಾಳೆ, ಅವಳಿಗೆ ಯಾರೂ ಬಿಲ್ ಕೊಡಲ್ಲ. ಹಾಗಾಗಿ ಪ್ಯಾಕೇಜ್ ಮಾಡಿದರೆ ಖರ್ಚು ತಾನಾಗೇ ಇಳಿಯುತ್ತೆ ಅಂತ ನಂಬ್ಕೋಬೇಡಿ. ಸಿಜೆಆರ್ 2024ರ ಕೊನೆಗೆ ಮುಗಿಯಿತು. 2026ರ ಜನವರಿಯಿಂದ ಟೀಮ್ ಅನ್ನೋ ಹೊಸದು ಬಂದಿದೆ, ಅದರಲ್ಲಿ 30 ದಿನಕ್ಕೆ ಇಳಿಸಿದ್ದಾರೆ. ನೀವೂ ಮೊದಲ ವರ್ಷ 30 ದಿನಕ್ಕೇ ಇಟ್ಟು ನೋಡಬಹುದಲ್ವಾ?

ಸ್ಟಾಕ್‌ಹೋಮ್‌ನಲ್ಲಿ 2009ರಲ್ಲಿ ಇಂಥದ್ದೇ ಶುರುವಾಯ್ತು. ತೊಂದರೆ ಆದರೆ ಎರಡು ವರ್ಷದವರೆಗೆ ಆಸ್ಪತ್ರೆಯದ್ದೇ ಗ್ಯಾರಂಟಿ. ಆದರೆ ಬೇರೆ ದೊಡ್ಡ ಕಾಯಿಲೆ ಇಲ್ಲದವರಿಗೆ ಮಾತ್ರ ಆ ಪ್ಯಾಕೇಜ್.

ಬಿಲ್ಲಿಂಗ್ ಅಕ್ಕ, ಮೈಸೂರು

ನೈಟ್‌ಶಿಫ್ಟ್, 30 ದಿನಕ್ಕೆ ನಾನು ಒಪ್ಪಲ್ಲ. ಮಂಡಿ ಮಡಚೋದು ನಿಂತುಹೋಗುವ ತೊಂದರೆ ಗೊತ್ತಾಗುವುದೇ ಆರನೇ ವಾರದ ಹೊತ್ತಿಗೆ. 30ಕ್ಕೆ ಗೆರೆ ಎಳೆದರೆ ಸರಿಯಾಗಿ ಆಗಲೇ ಕೈಬಿಟ್ಟ ಹಾಗೆ.

ಸ್ಟಾಕ್‌ಹೋಮ್ ವಿಷಯ ಮಾತ್ರ ಕೆಲಸಕ್ಕೆ ಬರುತ್ತದೆ. ಒಂದೇ ರೇಟು ಇಟ್ಟ ಕೂಡಲೇ ಆಸ್ಪತ್ರೆಗೆ ಒಂದು ಆಸೆ ಹುಟ್ಟುತ್ತದೆ, ಸುಲಭದ ಕೇಸು ಮಾತ್ರ ಬರಲಿ ಅಂತ. ದಪ್ಪ ಇರುವವರು, ಶುಗರ್ ಜಾಸ್ತಿ ಇರುವವರನ್ನು "ಮೈಸೂರಿಗೆ ಹೋಗಿ" ಅಂತ ಮೆಲ್ಲಗೆ ಸಾಗಹಾಕುತ್ತಾರೆ. ಕೊನೆಗೆ ಕಷ್ಟದ ಕೇಸೆಲ್ಲ ಸರ್ಕಾರಿ ಆಸ್ಪತ್ರೆ ಬಾಗಿಲಿಗೆ. ಹಾಗೆ ಮಾಡಬೇಡಿ. ಎರಡು ರೇಟು ಇಡಿ, ಕಾರಣ ಬರೆದು ಇಡಿ. ಮೂರು ತಿಂಗಳ ಶುಗರ್ ಸರಾಸರಿ (ಎಚ್‌ಬಿಎ1ಸಿ ಪರೀಕ್ಷೆ) ಎಂಟರ ಮೇಲೆ ಇದ್ದರೆ ರೇಟು ಏರಿಸೋದಲ್ಲ, ದಿನ ಮುಂದೂಡೋದು. ಮಂಡಿ ಎಲ್ಲಿಗೂ ಓಡಿಹೋಗಲ್ಲ.

ಆಯುಷ್ಮಾನ್ ಕಾರ್ಡ್ ಇಟ್ಟುಕೊಂಡು ಬಂದವರಿಗೆ ಈ ಪ್ಯಾಕೇಜ್ ಮಾರುವ ಮುಂಚೆ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಹೋಗಿ ಕೇಳಿ ಅಂತ ಒಂದು ಮಾತು ಹೇಳಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಹಕಾರ ಸಂಘದವರಿಗೆ ಇರುವ ಆರೋಗ್ಯ ಯೋಜನೆ ಯಶಸ್ವಿನಿಯ ಸದಸ್ಯರಾ ಅಂತಲೂ ಕೇಳಿ. ಮಂಡ್ಯದಲ್ಲಿ ಸಹಕಾರ ಸಂಘದಲ್ಲಿ ಇಲ್ಲದ ಮನೆ ಎಷ್ಟಿವೆ? ಎಮ್ಮೆ ಹಸು ಅಡ ಇಟ್ಟು ಕಟ್ಟಿದ ಮೇಲೆ ಗೊತ್ತಾದರೆ ನಿಮ್ಮನ್ನೇ ಬೈಯುತ್ತಾರೆ.

ಫಿಸಿಯೋಗೆ ಹೇಗೆ ಕೊಡೋದು ಅಂತ ಕೇಳಿದ್ದಿರಿ. ಅರ್ಧ ದುಡ್ಡು ಪೇಷೆಂಟಿನ ಮನೆಗೆ ಎಷ್ಟು ಸಲ ಹೋದರೋ ಆ ಲೆಕ್ಕಕ್ಕೆ, ಇನ್ನರ್ಧ ಆರನೇ ವಾರ ಮಂಡಿ 90 ಡಿಗ್ರಿ ಮಡಚಿದರೆ. ಆಗ ಅವರೂ ಮನಸ್ಸಿಟ್ಟು ಮಾಡುತ್ತಾರೆ.

ಕಾಲು ಮಡಚಿ, ಶ್ರೀರಂಗಪಟ್ಟಣ

ಅಕ್ಕ, ಕೊನೇ ಮಾತಿಗೆ ನನ್ನ ತಕರಾರು ಇದೆ. ನಾನು ಮನೆಮನೆಗೆ ಹೋಗುವ ಫಿಸಿಯೋ. ಆಪರೇಷನ್‌ಗೆ ಮುಂಚೆ ಎಷ್ಟು ಮಡಚುತ್ತಿದ್ದರೋ ಅದರ ಮೇಲೆ ಆಮೇಲಿನದ್ದು ನಿಂತಿರುತ್ತದೆ. ಹತ್ತು ವರ್ಷ ಕಾಲು ಎಳೆದುಕೊಂಡು ನಡೆದು, ಅರ್ಧವೂ ಮಡಚದೆ ಬಂದವರನ್ನು ಆರು ವಾರಕ್ಕೆ 90ಕ್ಕೆ ತನ್ನಿ, ಇಲ್ಲಾಂದ್ರೆ ದುಡ್ಡು ಕಟ್ ಅಂದರೆ ಏನಾಗುತ್ತದೆ? ಒಂದೋ ನಾನು ಅಂಥ ಕೇಸು ಬೇಡ ಅಂತೀನಿ, ಇಲ್ಲಾ ಬಲವಂತವಾಗಿ ಒತ್ತಿ ಅವರನ್ನು ಅಳಿಸುತ್ತೀನಿ. ಡಾಕ್ಟರಿಗೆ ಯಾವ ಆಸೆ ಬೇಡ ಅಂದಿರೋ ಅದನ್ನೇ ನನಗೆ ಹುಟ್ಟಿಸ್ತಿದ್ದೀರಿ.

ಮೊದಲ ಎರಡು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಎರಡು, ಹೋದ ಲೆಕ್ಕಕ್ಕೆ ದುಡ್ಡು ಕೊಡಿ. ಪ್ರತಿ ಸಲ ಅಳತೆ ಬರೆಸಿಕೊಳ್ಳಿ. ಅಳತೆ ನಿಂತ ಕಡೆ ಡಾಕ್ಟರಿಗೆ ಫೋನ್ ಹೋಗಬೇಕು. ಅಷ್ಟು ಸಾಕು.

ಇನ್ನೊಂದು, ಯಾರ ಪ್ಯಾಕೇಜಿನಲ್ಲೂ ಇಲ್ಲದ್ದು. ಹಳ್ಳಿ ಮನೆಯಲ್ಲಿ ಕೂರುವ ಇಂಡಿಯನ್ ಟಾಯ್ಲೆಟ್ಟು, ಅದೂ ಹಿತ್ತಲಲ್ಲಿ, ಮೂರು ಮೆಟ್ಟಿಲು ಇಳಿದು. ಆಪರೇಷನ್‌ಗೆ ಮುಂಚೆ ಯಾರೂ ಕೇಳಲ್ಲ. ಮನೆಗೆ ಬಂದ ಮಾರನೇ ದಿನ ನಾನು ಹೋದರೆ ಅಜ್ಜಿ ನೀರೇ ಕುಡಿಯುತ್ತಿಲ್ಲ, ಟಾಯ್ಲೆಟ್ಟಿಗೆ ಹೋಗಬೇಕಾಗುತ್ತಲ್ಲ ಅಂತ. ವಾಕರ್ ಜೊತೆಗೆ ಒಂದು ಕಮೋಡ್ ಚೇರ್ ಪ್ಯಾಕೇಜಿಗೆ ಹಾಕಿ ಸಾರ್. ಮೂರು ತಿಂಗಳಿಗೆ ಬಾಡಿಗೆಗೆ ಕೊಟ್ಟು ವಾಪಸ್ ತಗೊಂಡರೂ ಆಗುತ್ತೆ. ಮಂಚ ಇದೆಯಾ, ಇಲ್ಲಾ ನೆಲದ ಮೇಲೆ ಚಾಪೆಯಾ ಅಂತಲೂ ಕೇಳಿ.

ಮದ್ದೂರು ಮಗಳು

ನಾನು ಆಸ್ಪತ್ರೆಯವಳಲ್ಲ. ಅಮ್ಮನಿಗೆ ಹೋದ ವರ್ಷ ಮಾಡಿಸಿದ್ವಿ, ಎಲ್ಲಿ ಅಂತ ಬೇಡ. ಅಲ್ಲೂ ಪ್ಯಾಕೇಜೇ. ಮದುವೆ ಛತ್ರದವರು ಬಾಡಿಗೆ ಒಂದು ಹೇಳಿ ಆಮೇಲೆ ಕರೆಂಟು, ಪಾತ್ರೆ, ಗುಡಿಸಿದ್ದು ಅಂತ ಸೇರಿಸ್ತಾರಲ್ಲ, ಹಾಗಾಯ್ತು. ರಕ್ತ ಹಾಕಿದ್ದು ಬೇರೆ, ಫಿಸಿಷಿಯನ್ ಬಂದು ನೋಡಿದ್ದು ಬೇರೆ, ಒಂದು ದಿನ ಜಾಸ್ತಿ ಇದ್ದದ್ದು ಬೇರೆ. ಸಹಿ ಹಾಕಿಸಿಕೊಂಡ ಕಾಗದದಲ್ಲಿ ಎಲ್ಲಾ ಇತ್ತಂತೆ. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ನಾನು ಡಿಗ್ರಿ ಓದಿದವಳು, ನನಗೂ ಅರ್ಥ ಆಗಿರಲಿಲ್ಲ.

ನೀವು ಕನ್ನಡದಲ್ಲಿ ಒಂದೇ ಹಾಳೆ ಕೊಡಿ. ಹೊರಗೆ ಇರುವುದನ್ನು ಮೇಲೆ ಬರೆಯಿರಿ, ಒಳಗೆ ಇರುವುದು ಕೆಳಗಿದ್ದರೂ ಪರವಾಗಿಲ್ಲ. ಒಳಗೆ ಏನಿದೆ ಅಂತ ಆಸ್ಪತ್ರೆಯವರು ತಾವಾಗೇ ಹತ್ತು ಸಲ ಹೇಳ್ತಾರೆ.

ಇನ್ಶೂರೆನ್ಸ್ ಇರುವವರಿಗೆ ಇನ್ನೊಂದು ತೊಂದರೆ. ನಮ್ಮ ಪಾಲಿಸಿಯಲ್ಲಿ ಡಿಸ್ಚಾರ್ಜ್ ಆದ ಮೇಲೆ 60 ದಿನದ ಖರ್ಚು ಕೊಡ್ತಾರೆ. ಫಿಸಿಯೋ ದುಡ್ಡು ಕೇಳಲು ಹೋದರೆ ಬಿಲ್ಲು ಎಲ್ಲಿ ಅಂದ್ರು. ಪ್ಯಾಕೇಜಿನಲ್ಲಿ ಸೇರಿದೆ ಅಂತ ಆಸ್ಪತ್ರೆ ಬೇರೆ ಬಿಲ್ ಕೊಡಲಿಲ್ಲ. ಕ್ಯಾಶ್‌ಲೆಸ್ಸಿನಲ್ಲಿ ಅದು ಸೇರಿಲ್ಲ ಅಂತ ಕಂಪನಿಯವರು. ನಡುವೆ ನಾವು.

ಲೆಕ್ಕದ ಪುಸ್ತಕ, ಮಂಡ್ಯ

ಎಲ್ಲರಿಗೂ ಥ್ಯಾಂಕ್ಸ್. ಇದನ್ನು ಭಾವನವರಿಗೆ ಓದಿ ಹೇಳಿದೆ. ಕಮೋಡ್ ಚೇರ್ ಅಂದಾಗ ನಕ್ಕರು, ಆಮೇಲೆ ಹತ್ತು ಚೇರ್ ತರಿಸು ಅಂದರು. 90 ದಿನಕ್ಕೇ ನಿಂತಿದ್ದಾರೆ. 3,000 ಬೇರೆ ಖಾತೆಗೆ ಅನ್ನುವುದಕ್ಕೂ ಒಪ್ಪಿದ್ದಾರೆ, ಚೆಕ್ ಬುಕ್ ಅಕ್ಕನ ಹತ್ತಿರ, ಅಂದರೆ ನನ್ನ ಅಕ್ಕ, ಅವರ ಹೆಂಡತಿ ಹತ್ತಿರ ಇರುತ್ತದೆ. ಫಿಸಿಯೋಗೆ ಹೋದ ಲೆಕ್ಕಕ್ಕೇ ಕೊಡೋದು ಅಂತ ಆಯ್ತು.

ಉಳಿದಿರೋದು ಅನಸ್ತೇಶಿಯಾ ಡಾಕ್ಟರ ವಿಷಯ. ಪ್ಯಾಕೇಜ್ ಅಂದ ಕೂಡಲೇ ಅವರಿಗೆ ತಮ್ಮ ಫೀಸು ಕಮ್ಮಿ ಮಾಡ್ತಾರೆ ಅಂತ ಅನುಮಾನ. 30 ದಿನದೊಳಗೆ ಮತ್ತೆ ಥಿಯೇಟರಿಗೆ ಹೋದರೆ ಎರಡನೇ ಸಲ ಫ್ರೀ ಬರಲ್ಲ ಅಂತ ಈಗಲೇ ಹೇಳಿಬಿಟ್ಟಿದ್ದಾರೆ.

ಬಿಲ್ಲಿಂಗ್ ಅಕ್ಕ, ಮೈಸೂರು

ಅವರು ಹೇಳೋದು ನ್ಯಾಯವೇ. ಸೋಂಕು ಅವರಿಂದ ಆಗಲಿಲ್ಲ, ಯಾವ ಕೇಸು ತಗೋಬೇಕು ಅಂತ ತೀರ್ಮಾನ ಮಾಡಿದ್ದೂ ಅವರಲ್ಲ. ಅವರ ಕೇಸಿನ ಫೀಸು ಈಗ ಎಷ್ಟಿದೆಯೋ ಅಷ್ಟೇ ಇರಲಿ, ಆಪರೇಷನ್ ಆದ ವಾರವೇ ಟಿಡಿಎಸ್ ಹಿಡಿದು ಹಾಕಿಬಿಡಿ. ಪ್ಯಾಕೇಜ್ ದುಡ್ಡು ಪೂರ್ತಿ ಬಂದ ಮೇಲೆ ಕೊಡ್ತೀವಿ ಅನ್ನಬೇಡಿ, ಮೈಸೂರಿನಿಂದ ಬರುವವರು ಅದಕ್ಕೇ ಬಿಟ್ಟುಹೋಗೋದು. ಎರಡನೇ ಸಲ ಕರೆಸಿದರೆ ಅವರ ಫೀಸು ಆ 3,000ದ ಖಾತೆಯಿಂದ ಹೋಗಲಿ. ಭಾವನವರು ಮಾತ್ರ ಎರಡನೇ ಸಲ ಫೀಸು ತಗೋಬಾರದು. ರಿಸ್ಕ್ ಅವರೊಬ್ಬರದ್ದೇ, ಲಾಭ ಉಳಿದರೆ ಅದೂ ಅವರದ್ದೇ ತಾನೆ?

ಮದ್ದೂರಿನವರು ಹೇಳಿದ್ದಕ್ಕೆ: ಕ್ಯಾಶ್‌ಲೆಸ್ ಕೇಸಿಗೆ ನಿಮ್ಮ 1,75,000 ನಡೆಯಲ್ಲ. ಕಂಪನಿಯ ಜೊತೆ ಒಪ್ಪಿದ ರೇಟೇ ರೇಟು, ಅದರ ಮೇಲೆ ಪೇಷೆಂಟಿನ ಹತ್ತಿರ ಪ್ಯಾಕೇಜ್ ಅಂತ ವಸೂಲಿ ಮಾಡುವ ಹಾಗಿಲ್ಲ. ಅವರಿಗೆ ಡಿಸ್ಚಾರ್ಜ್ ಬಿಲ್ ಒಂದು, ಆಮೇಲಿನ ಫಿಸಿಯೋ, ಡ್ರೆಸಿಂಗಿಗೆ ತಾರೀಖು ಹಾಕಿದ ಬೇರೆ ರಸೀದಿ, ಜೊತೆಗೆ ಡಾಕ್ಟರ ಚೀಟಿ. ಬೋರ್ಡ್ ಬರೆಸುವಾಗ ರೇಟಿನ ಕೆಳಗೆ "ವಿಮೆ ಇಲ್ಲದವರಿಗೆ" ಅಂತ ಒಂದು ಸಾಲು ಸೇರಿಸಿ. ರೇಟಿನಷ್ಟೇ ದೊಡ್ಡ ಅಕ್ಷರದಲ್ಲಿ.